ವೆಜ್ ಪಫ್ಸಿನ ಹೊಳಪು

ಹಸಿರು ಚುಕ್ಕೆಯ ಸ್ಟಿಕ್ಕರ್ ಸುರುಳಿ ಬೇಕರಿಗೆ ಬಂದದ್ದು ಜೂನ್ ತಿಂಗಳ ಒಂದು ಸೋಮವಾರ. ಇಂದಿರಾನಗರದ ಒಂದು ಆಫೀಸಿನವರು ಸಂಜೆಯ ತಿಂಡಿ ಡಬ್ಬಿಗಳನ್ನು ನಮ್ಮಿಂದ ತರಿಸಿಕೊಳ್ಳಲು ಒಪ್ಪಿದ್ದರು. ಸಸ್ಯಾಹಾರದ ಪ್ರತಿ ತಿಂಡಿಯ ಮೇಲೂ ಹಸಿರು ಚುಕ್ಕೆ ಇರಬೇಕು ಎಂಬುದೊಂದೇ ಅವರ ಷರತ್ತು. ಕಾಕ್ಸ್ ಟೌನಿನ ಈ ಬೇಕರಿಯಲ್ಲಿ ದಾಸ್ತಾನು, ಪ್ಯಾಕಿಂಗ್, ಲೇಬಲ್ ನನ್ನ ಕೆಲಸ. ಸುರುಳಿ ಕೈಗೆ ಬಂದ ದಿನ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ. ಯಾವ ತಿಂಡಿಗೆ ಚುಕ್ಕೆ ಅಂಟಿಸಬೇಕೋ ಅದನ್ನು ಹಿಟ್ಟು ಕಲಸುವುದರಿಂದ ಹಿಡಿದು ಟ್ರೇ ಇಳಿಸುವವರೆಗೆ ನಿಂತು ನೋಡಬೇಕು. ನೋಡಿದ್ದನ್ನು ಬರೆದುಕೊಂಡ ಮೇಲೆಯೇ ಅಂಟಿಸಬೇಕು.

ಯಾರೂ ಇದನ್ನು ನನ್ನಿಂದ ಕೇಳಿರಲಿಲ್ಲ. ಸಾಮಗ್ರಿಗಳ ಪಟ್ಟಿಯನ್ನು ಒಲೆ ನೋಡಿಕೊಳ್ಳುವ ಮಾಸ್ಟರ್ ಬಾಯಿಂದ ಕೇಳಿ ಆಗಲೇ ಬರೆದಿಟ್ಟಿದ್ದೆ. ವೆಜ್ ಪಫ್ಸಿಗೆ ಮೈದಾ, ಮಾರ್ಗರಿನ್, ಉಪ್ಪು, ನೀರು. ಒಳಗೆ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿಯ ಪಲ್ಯ. ಪಟ್ಟಿಯಲ್ಲಿ ತಪ್ಪೇನೂ ಕಾಣುವಂತಿರಲಿಲ್ಲ. ಆದರೂ ಬುಧವಾರ ಬೆಳಗಿನ ಜಾವವೇ ಹೋಗಿ ಒಲೆ ಕೋಣೆಯಲ್ಲಿ ನಿಂತೆ.

ಮಾಸ್ಟರ್ ಹಿಂದಿನ ದಿನ ಮಡಚಿಟ್ಟ ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದು ಲಟ್ಟಿಸಿ, ಚೌಕಗಳಾಗಿ ಕತ್ತರಿಸಿದರು. ಪಲ್ಯ ಇಟ್ಟದ್ದನ್ನು ಉದ್ದಕ್ಕೆ ಮಡಚಿದರು, ಅರ್ಧ ಮೊಟ್ಟೆ ಇಟ್ಟದ್ದನ್ನು ತ್ರಿಕೋನವಾಗಿ ಮಡಚಿದರು. ಆಕಾರದಿಂದಲೇ ಯಾವುದು ಏನೆಂದು ಕೌಂಟರಿನಲ್ಲಿ ಗೊತ್ತಾಗುತ್ತದೆ. ಟ್ರೇಗಳೆಲ್ಲ ಸಾಲಾಗಿ ನಿಂತ ಮೇಲೆ ಅವರು ಸ್ಟೀಲ್ ಮಗ್ಗಿಗೆ ಮೂರು ಮೊಟ್ಟೆ ಒಡೆದು, ಚೂರು ಉಪ್ಪು, ನೀರು ಹಾಕಿ ಕಲಕಿದರು. ನಂತರ ಬ್ರಷ್ ಅದ್ದಿ ಎಲ್ಲ ಟ್ರೇಗಳ ಮೇಲೂ ಒಂದೇ ಸಮನೆ ಎಳೆಯುತ್ತ ಹೋದರು. ತ್ರಿಕೋನಗಳ ಮೇಲೂ ಎಳೆದರು, ಉದ್ದದವುಗಳ ಮೇಲೂ ಎಳೆದರು.

“ಮಾಸ್ಟರ್, ವೆಜ್‌ಗೂ ಮೊಟ್ಟೆ ಹಚ್ತೀರಾ?”

“ಹಚ್ಚದಿದ್ರೆ ಹೊಳಪು ಎಲ್ಲಿಂದ ಬರುತ್ತೆ ಮೇಡಂ?”

“ಪಟ್ಟಿ ಕೇಳಿದಾಗ ಮೊಟ್ಟೆ ಅಂತ ಹೇಳ್ಲಿಲ್ಲ ನೀವು.”

“ಒಳಗೆ ಏನಿದೆ ಅಂತ ಕೇಳಿದ್ರಿ, ಹೇಳಿದೆ. ಇದು ಮೇಲೆ ತಾನೆ. ಪಾಲಿಶ್ ಇದು. ಬೂಟಿಗೆ ಪಾಲಿಶ್ ಹಾಕಿದ್ರೆ ಬೂಟು ಪಾಲಿಶಿಂದ ಮಾಡಿದ್ದು ಅಂತಾರಾ?”

ಅವರು ತಮಾಷೆಗೆ ಹೇಳಲಿಲ್ಲ. ಹಾಗೆಯೇ ನಂಬಿದ್ದರು, ಅವರಿಗೆ ಕಲಿಸಿದವರೂ ಹಾಗೆಯೇ ನಂಬಿದ್ದರು. ಮಾಸ್ಟರ್ ಎಂದೂ ಕೌಂಟರಿಗೆ ಬರುವುದಿಲ್ಲ. ಕೌಂಟರಿನಲ್ಲಿ ಕೂರುವ ಅಕ್ಕ ಬರುವಷ್ಟರಲ್ಲಿ ಪಫ್ಸು ಬೆಂದು ಗಾಜಿನ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಒಳಗಿನವರಿಗೆ ಹೊರಗಿನ ಮಾತು ಕೇಳಿಸಿಲ್ಲ, ಹೊರಗಿನವರಿಗೆ ಒಳಗಿನ ಮಗ್ಗು ಕಂಡಿಲ್ಲ. “ಇದು ವೆಜ್ ತಾನೆ?” ಎಂದು ಕೇಳಿದ ಪ್ರತಿಯೊಬ್ಬರಿಗೂ ಅಕ್ಕ “ಪ್ಯೂರ್ ವೆಜ್ ರೀ” ಎಂದು ಉತ್ತರ ಕೊಡುತ್ತಲೇ ಬಂದಿದ್ದಾರೆ.

ಮಾಲೀಕರು ಹತ್ತು ಗಂಟೆಗೆ ಬಂದಾಗ ಹೇಳಿದೆ. ಅವರು ಹಳೆಯ ಕಂಟೋನ್ಮೆಂಟಿನವರು, ಅಂಗಡಿ ಅವರ ತಂದೆಯ ಕಾಲದ್ದು. ಕನ್ನಡಕ ತೆಗೆದು ಒರೆಸಿದರು.

“ನನಗೂ ಗೊತ್ತಿತ್ತಮ್ಮ, ಗೊತ್ತಿರ್ಲಿಲ್ಲ. ಚಿಕ್ಕೋನಾಗಿದ್ದಾಗ ನಾನೇ ಬ್ರಷ್ ಹಿಡಿದಿದ್ದೀನಿ. ಹೀಗೆ ಯೋಚನೆ ಮಾಡಿಲ್ಲ ಅಷ್ಟೆ.”

“ಇದಕ್ಕೆ ಹಸಿರು ಚುಕ್ಕೆ ಹಾಕೋ ಹಾಗಿಲ್ಲ ಸರ್.”

“ಹಾಕ್ಬೇಡ. ನಾಳೆಯಿಂದ ಹಾಲು ಹಚ್ಚಲಿ, ಸರಿಯಾದ್ಮೇಲೆ ಹಾಕು.”

“ಇಷ್ಟು ದಿನ ತಿಂದವರಿಗೆ?”

“ಅವರಿಗೆ ಏನು? ಲಿಸನ್. ಗೊತ್ತಿಲ್ದೆ ತಿಂದಿದ್ದು ದೋಷ ಅಲ್ಲ, ಎಲ್ಲ ಮತದಲ್ಲೂ ಅಷ್ಟೆ. ಇವತ್ತಿನವರೆಗೆ ಅವರ ಮೇಲೆ ಏನೂ ಇಲ್ಲ. ನೀನು ಹೋಗಿ ಹೇಳಿದ ನಿಮಿಷ, ಇಲ್ಲದ ಪಾಪನ ಅವರ ತಲೆ ಮೇಲೆ ಇಟ್ಟಂಗೆ.”

ಈ ಮಾತನ್ನು ವ್ಯಾಪಾರ ಉಳಿಸಿಕೊಳ್ಳಲು ಹೇಳಿದ ನೆವ ಎಂದು ತಳ್ಳಿಹಾಕಬಹುದಿತ್ತು, ಆದರೆ ಅದು ಬರೀ ನೆವವಾಗಿರಲಿಲ್ಲ. ಅವರ ಮಾತನ್ನು ಅಂದಿನ ಪುಟದಲ್ಲಿ ಹಾಗೆಯೇ ಬರೆದುಕೊಂಡು, ಪಕ್ಕದಲ್ಲಿ ಜಾಗ ಖಾಲಿ ಬಿಟ್ಟೆ.

ಹಾಲಿನ ಪ್ರಯೋಗ ಗುರುವಾರ ಶುರುವಾಯಿತು. ಮಾಸ್ಟರ್ ಗೊಣಗಿದರು, ಆದರೆ ಕೆಲಸ ಕೆಡಿಸಲಿಲ್ಲ. ಮೊದಲ ದಿನ ಬರೀ ಹಾಲು ಹಚ್ಚಿದ ಪಫ್ಸು ಬಿಳಚಿಕೊಂಡು, ಮೇಲೆ ಹಿಟ್ಟು ಉದುರಿಸಿದಂತೆ ಇಳಿಯಿತು. ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಕಂಡ ಒಬ್ಬರು “ನಿನ್ನೆದು ಕೊಡ್ಬೇಡಿ” ಎಂದರು. ಇನ್ನೊಬ್ಬರು ಮುಟ್ಟಿ ನೋಡಿ, ಬಿಸಿ ಇದೆಯೆಂದು ತಿಳಿದ ಮೇಲೂ ಬೇಡವೆಂದರು. ಅಂಗಡಿ ಮೊದಲ ಬಾರಿಗೆ ನಿಜವಾದ ವೆಜ್ ಪಫ್ಸು ಮಾಡಿದ ದಿನ ಜನ ಅದನ್ನು ಹಳಸಲು ಎಂದುಕೊಂಡರು.

ಎರಡನೆಯ ದಿನ ಹಾಲಿಗೆ ಸಕ್ಕರೆ ಸೇರಿಸಿದೆವು. ಬಣ್ಣ ಬಂತು, ಆದರೆ ಅಲ್ಲಲ್ಲಿ ಕಪ್ಪು ಚುಕ್ಕಿಗಳಾಗಿ ಸುಟ್ಟಿತು. ಮೂರನೆಯ ದಿನ ಹಾಲಿನ ಪುಡಿಯನ್ನು ಗಟ್ಟಿಯಾಗಿ ಕದಡಿ, ಅದಕ್ಕೆ ಒಂದು ಚಮಚ ಎಣ್ಣೆ ಹಾಕಿದೆವು. ಬಣ್ಣವೂ ಹೊಳಪೂ ಬಂದವು, ಪಫ್ಸು ಮಾತ್ರ ಉಬ್ಬಲಿಲ್ಲ. ಕತ್ತರಿಸಿದ ಅಂಚಿನ ಮೇಲೆ ಗಟ್ಟಿ ಹಾಲು ಇಳಿದು ಪದರಗಳನ್ನು ಒಂದಕ್ಕೊಂದು ಅಂಟಿಸಿತ್ತು. ತಪ್ಪು ಎಲ್ಲಿದೆಯೆಂದು ಗೊತ್ತಾಗಿದ್ದರಿಂದ ನನಗೆ ಬೇಸರವಾಗಲಿಲ್ಲ. ಅಂಚು ಬಿಟ್ಟು ನಡುವೆ ಮಾತ್ರ ತೆಳುವಾಗಿ ಎಳೆಯುವುದು, ಟ್ರೇಯನ್ನು ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಆರಿಸುವುದು, ಮತ್ತೊಂದು ಪದರ ಎಳೆದು ಒಲೆಗೆ ಕೊಡುವುದು. ಈ ಕ್ರಮಕ್ಕೆ ಬಂದು ನಿಲ್ಲಲು ಇನ್ನೊಂದು ವಾರ ಹಿಡಿಯಿತು. ವೆಜ್ ಟ್ರೇಗಳನ್ನು ಬೇರೆ ಮಾಡಿ ಮೂಲೆಗೆ ಉಳಿಯಿಂದ ಒಂದು ಗುರುತು ಹೊಡೆದೆವು. ಹೊಸ ಬ್ರಷ್ ತಂದೆವು. ಹಳೆಯದನ್ನು ಮಾಸ್ಟರ್ ತ್ರಿಕೋನಗಳ ಪಕ್ಕದಲ್ಲಿ ಮೊಳೆಗೆ ನೇತುಹಾಕಿದರು.

ಅಷ್ಟರಲ್ಲಿ ಕೌಂಟರಿನಲ್ಲಿ ಬೇರೆ ತೊಂದರೆ ಶುರುವಾಗಿತ್ತು.

ಅಕ್ಕ ಹಲಸೂರಿನವರು. ಮನೆಯಲ್ಲಿ ಎಲ್ಲ ತಿನ್ನುತ್ತಾರೆ, ಶನಿವಾರ ಮಾತ್ರ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಶನಿವಾರದ ಮಧ್ಯಾಹ್ನ ಅವರ ಊಟ ಒಂದು ವೆಜ್ ಪಫ್ಸು, ಒಂದು ಟೀ. ಮೂರನೆಯ ಪ್ರಯೋಗದ ದಿನ ಶನಿವಾರವೇ ಆಗಿತ್ತು. ಅವರು ಚಪ್ಪಟೆಯಾದ ಪಫ್ಸನ್ನು ಕೈಯಲ್ಲಿ ತಿರುಗಿಸಿ ನೋಡಿ, “ಏನೇ ಇದು, ಮೂರು ದಿನದಿಂದ ಮಾಸ್ಟರ್‌ಗೆ ಹುಷಾರಿಲ್ವಾ?” ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅವರು ಪಫ್ಸನ್ನು ಪೇಪರಿನ ಮೇಲೆ ಇಟ್ಟರು.

“ಹಂಗಾದ್ರೆ ಇಷ್ಟು ವರ್ಷ ನನ್ನ ಶನಿವಾರ ಎಲ್ಲ ಹೋಯ್ತು ಅನ್ನು.”

“ನಿಮಗೆ ಗೊತ್ತಿರ್ಲಿಲ್ವಲ್ಲ ಅಕ್ಕ.”

“ನನ್ನದು ಬಿಡು, ಆಂಜನೇಯಂಗೂ ನನಗೂ ಏನೋ ಒಂದು ಆಗುತ್ತೆ. ಕಲ್ಯಾಣ ನಗರದ ಮೇಡಂಗೆ ಏನು ಹೇಳ್ಲಿ ನಾನು?”

ಆ ಮೇಡಂ ಬಾಗಲಕೋಟೆ ಕಡೆಯವರು. ಇಂದಿರಾನಗರದಲ್ಲಿ ಕೆಲಸ. ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಪ್ರತಿ ಶುಕ್ರವಾರ ಸಂಜೆ ನಿಲ್ಲಿಸಿ ನಾಲ್ಕು ವೆಜ್ ಪಫ್ಸು ಕಟ್ಟಿಸಿಕೊಳ್ಳುತ್ತಾರೆ. ಮನೆಯಲ್ಲಿರುವ ಅತ್ತೆ ಹೊರಗಿನ ತಿಂಡಿ ತಿನ್ನುವವರಲ್ಲ, ಇದೊಂದನ್ನು ಮಾತ್ರ ತಿನ್ನುತ್ತಾರಂತೆ. ಮೊದಲ ಸಲ ಬಂದಾಗ ಮೇಡಂ, ಇದು ವೆಜ್ ತಾನೆ ಎಂದು ಮೂರು ಮೂರು ಬಾರಿ ಕೇಳಿದ್ದರಂತೆ. ಅಕ್ಕ ಎದೆ ಮೇಲೆ ಕೈ ಇಟ್ಟು “ನನ್ನ ಮೇಲೆ ನಂಬಿಕೆ ಇಟ್ಟು ತಗೊಂಡು ಹೋಗಿ” ಎಂದಿದ್ದರು.

“ಅಂಗಡಿ ಮೇಲೆ ಅಲ್ಲ ಕಣೇ, ನನ್ನ ಮೇಲೆ ಅಂದೆ. ಈಗ ಆ ಮೇಡಂ ಬಂದು ನಿಂತ್ರೆ ನಕ್ಕೊಂಡು ಪೊಟ್ಟಣ ಕಟ್ಲಾ? ಆಗಲ್ಲ. ಅವರಿಗೆ ಹೇಳೋವರೆಗೂ ನಾನು ಆ ಕುರ್ಚಿ ಮೇಲೆ ಕೂರಲ್ಲ.”

ಕೋಪದಲ್ಲಿ ಆಡಿದ ಮಾತೆಂದುಕೊಂಡೆ. ಸೋಮವಾರ ಅವರು ನೇರವಾಗಿ ಹಿಂದಿನ ಕೋಣೆಗೆ ಬಂದು ನನ್ನ ಪಕ್ಕ ಕೂತು ಬ್ರೆಡ್ಡಿನ ಕವರಿಗೆ ಕ್ಲಿಪ್ ಹಾಕತೊಡಗಿದರು. ಮಾಲೀಕರೇ ಕೌಂಟರಿಗೆ ಹೋಗಬೇಕಾಯಿತು. ಅವರಿಗೆ ರಸ್ಕಿನ ಡಬ್ಬಿ ಯಾವ ಕಪಾಟಿನಲ್ಲಿದೆಯೆಂದೂ ತಿಳಿಯದು. ಬಂದವರೆಲ್ಲ “ಅಕ್ಕ ಎಲ್ಲಿ?” ಎಂದು ಕೇಳಿದರು. ಒಬ್ಬರು “ಅವರು ಬಂದ್ಮೇಲೆ ಬರ್ತೀನಿ ಬಿಡಿ ಅಂಕಲ್” ಎಂದು ಹೊರಟೇ ಹೋದರು. ಆ ಕುರ್ಚಿ ಅಕ್ಕನ ಸಂಪಾದನೆ. ಗಂಡ ತೀರಿಕೊಂಡ ಮೇಲೆ ಕಸ ಗುಡಿಸುವ ಕೆಲಸಕ್ಕೆ ಸೇರಿದವರು ಒಂದೊಂದೇ ಮೆಟ್ಟಿಲು ಹತ್ತಿ ಅಲ್ಲಿಗೆ ತಲುಪಿದ್ದರು. ಅದನ್ನು ಅವರು ಕಳೆದುಕೊಳ್ಳುವುದಕ್ಕೆ ಆ ಬುಧವಾರ ನಾನು ಒಲೆ ಕೋಣೆಯಲ್ಲಿ ನಿಂತದ್ದೇ ಕಾರಣವಾಗಿತ್ತು. ಅಲ್ಲಿಂದ ಮುಂದೆ ಲೇಬಲ್ಲಿಗಿಂತ ಹೆಚ್ಚಾಗಿ ಅಕ್ಕ ಮತ್ತೆ ಆ ಕುರ್ಚಿಗೆ ಹೋಗುವುದು ಹೇಗೆ ಎಂಬುದೇ ನನ್ನ ಚಿಂತೆಯಾಯಿತು.

ಆ ವಾರ ಕೆ.ಆರ್. ಪುರದ ಮನೆಯಲ್ಲಿ ಊಟದ ಹೊತ್ತಿಗೆ ಅಪ್ಪನ ಮುಂದೆ ಇದನ್ನು ಹೇಳಿದೆ. ನಮ್ಮದು ಬೌದ್ಧರ ಮನೆ. ಏನು ತಿನ್ನುತ್ತಾರೆ ಎಂಬುದರ ಮೇಲೆ ಮನುಷ್ಯರನ್ನು ಮೇಲೆ ಕೆಳಗೆ ಮಾಡುವುದನ್ನು ಅಪ್ಪ ಸಾಕಷ್ಟು ಕಂಡಿದ್ದಾರೆ.

“ನಮ್ಮನ್ನ ಅಡುಗೆಮನೆ ಬಾಗ್ಲಿಗೂ ಬಿಡ್ತಿರ್ಲಿಲ್ಲ. ಈಗ ಅವರ ಮಡಿ ಕಾಯೋ ಕೆಲ್ಸಕ್ಕೆ ನನ್ನ ಮಗಳೇ ಸಿಕ್ಳಾ?” ಎಂದು ನಕ್ಕರು.

“ಮಡಿ ಅಲ್ಲಪ್ಪ. ಕೇಳಿದ್ದಕ್ಕೆ ನಾವು ಒಂದು ಉತ್ತರ ಕೊಟ್ಟಿದ್ದೀವಿ. ಅದು ಸುಳ್ಳಾಗಿದೆ.”

ಅವರು ತಟ್ಟೆಯಲ್ಲಿದ್ದ ಮುದ್ದೆ ಮುರಿದರು. “ಸರಿ, ಮೊಟ್ಟೆ ಇತ್ತು ಅಂತ ಹೇಳ್ತೀಯ. ನಾಳೆ ಅವರೇ ಬಂದು, ಹಿಟ್ಟು ಕಲಸೋ ಕೈ ಯಾವ ಜಾತಿದು ಅಂತ ಕೇಳ್ತಾರೆ. ಅದೂ ಹೇಳ್ತೀಯಾ?”

“ಇಲ್ಲ. ತಿಂಡೀಲಿ ಏನಿದೆ ಅಂತ ಕೇಳಿದ್ರೆ ಹೇಳ್ತೀನಿ. ಕೈ ಯಾರದು ಅನ್ನೋದು ತಿಂಡೀಲಿ ಇಲ್ಲ.”

“ಆ ಗೆರೆ ಗಟ್ಟಿಯಾಗಿ ಹಿಡ್ಕೊ,” ಎಂದು ಅಪ್ಪ ಮತ್ತೆ ಊಟಕ್ಕೆ ತಿರುಗಿದರು.

ಮಾರನೆಯ ದಿನ ಮಾಲೀಕರ ಬಳಿ ಮತ್ತೆ ಹೋದೆ. ಕೌಂಟರಿನ ಕೆಲಸದಿಂದ ಅವರು ಬೇಸತ್ತಿದ್ದರು. “ಒಂದು ಕೆಲ್ಸ ಮಾಡು,” ಎಂದರು. “ನೀನು ಎಲ್ಲ ಲೆಕ್ಕ ಇಡ್ತೀಯಲ್ಲ. ಕಸ್ಟಮರ್‌ಗಳನ್ನೇ ಕೇಳು. ಅಂಗಡಿ ಹೆಸರು, ಪಫ್ಸ್ ಮಾತು ತೆಗೀಬೇಡ. ಹಿಂಗೆ ಹಿಂಗೆ ಆದ್ರೆ ನಿಮಗೆ ಹೇಳ್ಬೇಕಾ ಬೇಡ್ವಾ ಅಂತ ಕೇಳು. ಜಾಸ್ತಿ ಜನ ಏನಂತಾರೋ ಹಂಗೆ ಮಾಡೋಣ.”

ಪ್ರಶ್ನೆಯನ್ನು ಹಲವು ಸಲ ತಿದ್ದಿದೆ. ಕೊನೆಗೆ ಉಳಿದದ್ದು ಇಷ್ಟು: ನೀವು ತಿನ್ನುವುದಿಲ್ಲ ಎಂದುಕೊಂಡ ಒಂದು ಪದಾರ್ಥ ನಿಮಗೂ ಅಂಗಡಿಯವರಿಗೂ ತಿಳಿಯದೆ ಒಂದು ತಿಂಡಿಯಲ್ಲಿ ಸೇರಿತ್ತು, ಅಂಗಡಿಯವರು ಈಗ ಸರಿಮಾಡಿದ್ದಾರೆ, ಹಿಂದೆ ಆದದ್ದನ್ನು ನಿಮಗೆ ಹೇಳಬೇಕೆ, ಬೇಡವೆ? ದುಡ್ಡು ಕೊಟ್ಟು ಮುಗಿಸಿ, ಹೊರಗಿನ ಎತ್ತರದ ಟೇಬಲ್ಲಿನ ಬಳಿ ನಿಂತು ತಿನ್ನುತ್ತಿದ್ದವರನ್ನು ಮಾತ್ರ ಕೇಳಿದೆ. ಅವಸರದಲ್ಲಿದ್ದವರನ್ನು ಬಿಟ್ಟೆ.

ಇಷ್ಟು ಚಿಕ್ಕ ಪ್ರಶ್ನೆಗೆ ಜನ ಇಷ್ಟು ಹೊತ್ತು ನಿಲ್ಲುತ್ತಾರೆಂದು ಎಣಿಸಿರಲಿಲ್ಲ. ಪುಲಿಕೇಶಿನಗರದಿಂದ ಬರುವ ಹಿರಿಯರೊಬ್ಬರು, “ಹೇಳ್ಲೇಬೇಕು ಬೇಟಾ. ಜೆಲ್ಲಿ ಇರೋ ಕೇಕ್ ತಗೊಳ್ಳೋವಾಗ ಅದು ಯಾತರದ್ದು, ಯಾವ ಪ್ರಾಣಿದು ಅಂತ ನಾನು ಕೇಳ್ತೀನಲ್ಲ, ಸುಮ್ನೆ ಕೇಳ್ತೀನಾ?” ಎಂದರು. ಚರ್ಚಿನಿಂದ ಬಂದ ಅಜ್ಜಿ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ತಾನು ಮಾಂಸ ಬಿಡುವುದು ದೇವರಿಗೂ ತನಗೂ ನಡುವಿನ ಮಾತು, ಅಂಗಡಿಯವನ ತಪ್ಪಿನಿಂದ ಅದು ಮುರಿಯುವುದಿಲ್ಲ ಎಂದರು. ಕಾಲೇಜು ಹುಡುಗನೊಬ್ಬ, “ನಮ್ಮನೇಲಿ ನಾನು ವೆಜ್, ಇಲ್ಲಿ ನಾನು ಎಗ್ ಪಫ್ಸ್. ನಮ್ಮಮ್ಮಂಗೆ ಯಾರೂ ಏನೂ ಹೇಳ್ಬೇಡಿ ಅಷ್ಟೆ,” ಎಂದ. ಜೊತೆಯಲ್ಲಿದ್ದವನು “ಗುರು, ಇವನ್ನ ನಾನ್‌ವೆಜ್ ಲಿಸ್ಟಿಗೆ ಬರ್ಕೊಳ್ಳಿ” ಎಂದು ನಕ್ಕ. ಒಬ್ಬ ಹೆಂಗಸು ನನ್ನ ಪ್ರಶ್ನೆ ಬಿಟ್ಟು, ಸಂಜೆ ಉಳಿದ ಬ್ರೆಡ್ಡನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಅವರ ಮಟ್ಟಿಗೆ ತಿಂಡಿಯ ವಿಷಯದಲ್ಲಿ ತಪ್ಪು ಎಂದರೆ ಎಸೆಯುವುದೊಂದೇ. ಮತ್ತೊಬ್ಬರು ದನಿ ತಗ್ಗಿಸಿ, “ಅದಿರ್ಲಿ, ಒಳಗೆ ಮಾಡೋರು ಯಾವ ಜನ?” ಎಂದರು. “ಕೈ ತೊಳ್ಕೊಂಡು ಮಾಡೋ ಜನ” ಎಂದು ಹೇಳಿ ಪುಟ ತಿರುಗಿಸಿದೆ. ಅವರದೊಂದೇ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೆಯ ದಿನ ನಿವೃತ್ತ ಮೇಷ್ಟರೊಬ್ಬರು ನನ್ನ ಪ್ರಶ್ನೆಯನ್ನೇ ಬದಲಾಯಿಸಿದರು. “ನನಗೆ ಹೇಳ್ಬೇಡಮ್ಮ, ಈ ವಯಸ್ಸಲ್ಲಿ ಯಾಕೆ. ಆದ್ರೆ ನಾನೇ ಅಂಗಡಿಯವನಾಗಿದ್ರೆ ಹೇಳ್ತಿದ್ದೆ,” ಎಂದರು. ಎರಡೂ ಹೇಗಾಗುತ್ತದೆ ಎಂದು ಕೇಳಿದೆ. “ಆಗುತ್ತೆ. ತಿನ್ನೋನಾಗಿ ನನಗೆ ನಿದ್ದೆ ಬೇಕು. ಮಾರೋನಾಗಿದ್ರೂ ನನಗೆ ನಿದ್ದೆ ಬೇಕು,” ಎಂದು ಕಪ್ ಇಟ್ಟು ಹೋದರು. ಅಂದಿನಿಂದ ನೀವೇ ಅಂಗಡಿಯವರಾಗಿದ್ದರೆ ಹೇಳುತ್ತಿದ್ದಿರಾ ಎಂದು ಎಲ್ಲರನ್ನೂ ಎರಡನೆಯ ಪ್ರಶ್ನೆ ಕೇಳಿದೆ. ಮೊದಲು ಉತ್ತರಿಸಿದವರಲ್ಲಿ ಮತ್ತೆ ಸಿಕ್ಕವರನ್ನೂ ಕೇಳಿದೆ.

ಮುಂದಿನ ವಾರದ ಗುರುವಾರ ಕೂಡಿಸಿ ನೋಡಿದಾಗ ಮೊದಲ ಪ್ರಶ್ನೆಯಲ್ಲಿ ‘ಬೇಡ’ ಎಂಬ ಗೀಟುಗಳು ಮುಂದಿದ್ದವು. ಎರಡನೆಯದರಲ್ಲಿ ‘ಹೇಳುತ್ತಿದ್ದೆ’ ಎಂಬ ಗೀಟುಗಳು ‘ಹೇಳುತ್ತಿರಲಿಲ್ಲ’ ಎಂಬವುಗಳ ಎರಡರಷ್ಟಿದ್ದವು. ಮಾಲೀಕರು ಪುಟವನ್ನು ದೂರ ಹಿಡಿದು ಓದಿದರು.

“ಏನಿದು? ಒಂದೇ ಜನ ಎರಡು ಪಾರ್ಟಿಗೂ ಓಟ್ ಹಾಕಿದ್ದಾರೆ.”

“ತಿನ್ನೋರಾಗಿ ಒಂದು ಸರ್, ಮಾರೋರಾಗಿ ಇನ್ನೊಂದು. ನಾವು ಮಾರೋರು.”

“ನಾನು ಕೇಳು ಅಂದಿದ್ದು ಮೊದಲನೇದು. ಅದ್ರಲ್ಲಿ ಬೇಡ ಗೆದ್ದಿದೆ. ಮುಗೀತು. ಹಾಲಿನ ಪಫ್ಸ್ ಚೆನ್ನಾಗೇ ಬರ್ತಿದೆ, ಅಕ್ಕಂಗೆ ಹೇಳು, ಸೋಮವಾರದಿಂದ ಬಂದು ಕೂರಲಿ.”

ಅಕ್ಕ ಕ್ಲಿಪ್ ಹಾಕುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. “ಅಷ್ಟು ಜನನ ಕೇಳಿದ್ಯಲ್ಲ, ಕಲ್ಯಾಣ ನಗರದ ಮೇಡಂನ ಕೇಳಿದ್ಯಾ?” ಎಂದಷ್ಟೇ ಹೇಳಿದರು. ಕೇಳಿರಲಿಲ್ಲ. ಹಿಂದಿನ ಎರಡು ಶುಕ್ರವಾರ ಅವರು ಬಂದಿರಲಿಲ್ಲ.

ಮರುದಿನ ಸಂಜೆ ಬಂದರು. ಹೆಲ್ಮೆಟ್ ತೆಗೆದು ಕೌಂಟರಿನ ಮೇಲಿಟ್ಟು, “ಅಕ್ಕಾರು ಇಲ್ಲೇನ್ರೀ ಇವತ್ತು?” ಎಂದು ಮಾಲೀಕರನ್ನು ಕೇಳಿದರು. ಒಳಗೆ ಪ್ಯಾಕಿಂಗ್ ಮಾಡ್ತಿದ್ದಾರೆ ಎಂದು ಮಾಲೀಕರು ತಲೆ ಎತ್ತದೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಗೆದ್ದದ್ದು ‘ಬೇಡ’ ಎಂದು ತೀರ್ಮಾನವಾದ ಮೇಲೆ ನಾನು ಬಾಯಿ ತೆರೆಯಬೇಕಾಗಿರಲಿಲ್ಲ. ಅಕ್ಕನ ಮಾತು ಕಿವಿಯಲ್ಲಿತ್ತು, ಎಲ್ಲರಿಗೂ ಕೇಳಿದ ಪ್ರಶ್ನೆಯನ್ನು ಇವರಿಗೂ ಕೇಳಿದರೆ ತಪ್ಪೇನು ಎಂದುಕೊಂಡು ಕೇಳಿದೆ. ಅದೇ ಪದಗಳು, ಅದೇ ಕ್ರಮ.

ಅವರು ನನ್ನನ್ನು ನೋಡಿದರು, ಗಾಜಿನೊಳಗಿನ ಪಫ್ಸನ್ನು ನೋಡಿದರು. ಹೊಳಪು ಬಂದಿತ್ತು, ಆದರೆ ಅದು ಹಳೆಯ ಹೊಳಪಾಗಿರಲಿಲ್ಲ. ಬಣ್ಣ ಸ್ವಲ್ಪ ಕೆಂಪಿಗೆ ತಿರುಗಿತ್ತು.

“ಈ ಪ್ರಶ್ನೆ ಸುಮ್ನ ಕೇಳಾಕತ್ತಿಲ್ಲ ನೀವು,” ಎಂದರು. “ಇದರಾಗ ಏನರ ಇತ್ತೇನ್ರೀ? ಖರೇ ಹೇಳ್ರಿ.”

ಚಿಲ್ಲರೆ ಎಣಿಸುತ್ತಿದ್ದ ಮಾಲೀಕರು ಕೈ ನಿಲ್ಲಿಸಿದರು. “ಸರ್ವೆ ಮೇಡಂ, ಸುಮ್ನೆ ಎಲ್ರಿಗೂ ಕೇಳ್ತಿದ್ದೀನಿ” ಎಂದು ನಾನು ಹೇಳಲಿ ಎಂಬಂತೆ ನನ್ನ ಕಡೆ ನೋಡಿದರು. ಹಾಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿಯವರೆಗೆ ಅಂಗಡಿಯಿಂದ ಹೋದ ತಪ್ಪು ಉತ್ತರಗಳೆಲ್ಲ ತಿಳಿಯದೆ ಹೋದವು. ಈಗ ಹೇಳುವುದು ಗೊತ್ತಿದ್ದೂ ಹೇಳಿದ ಮೊದಲ ಸುಳ್ಳಾಗುತ್ತಿತ್ತು, ಅದೂ ನನ್ನ ಬಾಯಿಂದ.

“ಇತ್ತು ಮೇಡಂ,” ಎಂದೆ. “ಒಳಗೆ ಅಲ್ಲ, ಮೇಲೆ ಹೊಳಪಿಗೆ ಮೊಟ್ಟೆ ಹಚ್ತಿದ್ರು. ನಮಗೆ ಗೊತ್ತಾಗಿದ್ದು ಈ ತಿಂಗಳು. ಅಕ್ಕಂಗೆ ಗೊತ್ತಿರ್ಲಿಲ್ಲ. ಈಗ ಹಾಲು ಹಚ್ತೀವಿ, ಟ್ರೇ ಬ್ರಷ್ ಎಲ್ಲ ಬೇರೆ.”

“ಮೊದಲಿಂದನೂ?”

“ಮೊದಲಿಂದನೂ.”

“ಖಾರಾ ಬನ್ನಿಗೂ?”

“ಅದಕ್ಕೆ ಇಲ್ಲ. ನಾನೇ ನಿಂತು ನೋಡಿದ್ದೀನಿ.”

ಅವರು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡಿದರು, ಸಡಿಲ ಮಾಡಿದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಕೊನೆಗೆ ಮೇಡಂ, “ನೀವು ನನಗ ಹೇಳಿದ್ರಿ, ನಿಮ್ಮ ಕೆಲಸ ಆತು. ನಮ್ಮ ಅತ್ತಿಯವರಿಗೆ ಹೇಳೂದೋ ಬಿಡೂದೋ, ಇನ್ನ ಅದು ನನ್ನ ತಲಿನೋವು,” ಎಂದು ಏನೂ ತೆಗೆದುಕೊಳ್ಳದೆ ಹೊರಟರು.

ಮಾಲೀಕರು ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಉಳಿದಿಬ್ಬರನ್ನು ಕಳಿಸಿ ಬಂದು ಸ್ಟೂಲಿನ ಮೇಲೆ ಕೂತರು. “ಒಬ್ಬರಿಗೆ ಹೇಳಿಬಿಟ್ಟೆ. ಆ ಇಬ್ಬರೂ ಕೇಳಿಸ್ಕೊಂಡ್ರು. ಇನ್ನು ಕೆಲವರಿಗೆ ಗೊತ್ತಿದ್ದು ಕೆಲವರಿಗೆ ಗೊತ್ತಿಲ್ದೆ ಅಂಗಡಿ ನಡೆಸೋಕಾಗಲ್ಲ. ಎಲ್ರಿಗೂ ಹೇಳ್ಬೇಕು ಈಗ. ಬೋರ್ಡ್ ಬರಿ,” ಎಂದರು. ದನಿಯಲ್ಲಿ ಕೋಪವಿತ್ತು, ಆದರೆ ಮಾತಿನಲ್ಲಿ ಹಿಂಜರಿಕೆ ಇರಲಿಲ್ಲ. ನನ್ನ ಎರಡು ಪ್ರಶ್ನೆಗಳ ಪುಟ ಅವರನ್ನು ಅಲುಗಿಸಿರಲಿಲ್ಲ. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಒಂದು ನ್ಯಾಯ ಎಂಬುದು ಅವರಿಗೆ ಆಗಿಬರಲಿಲ್ಲ.

ನಾನು ಬರೆದ ಬೋರ್ಡಿನಲ್ಲಿ ‘ಗ್ರಾಹಕರ ಗಮನಕ್ಕೆ’, ‘ವಿಷಾದಿಸುತ್ತೇವೆ’ ಎಲ್ಲ ಇತ್ತು. ಅಕ್ಕ ಓದಿ, “ಇದು ಕರೆಂಟ್ ಹೋಗುತ್ತೆ ಅನ್ನೋ ನೋಟಿಸ್ ತರ ಇದೆ” ಎಂದರು. ಅವರೇ ಹೇಳಿದ ಹಾಗೆ ಮತ್ತೆ ಬರೆದೆ: ‘ಇಷ್ಟು ದಿನ ವೆಜ್ ಪಫ್ಸಿನ ಮೇಲೆ ಮೊಟ್ಟೆ ಹಚ್ಚುತ್ತಿದ್ದೆವು. ಕೌಂಟರಿನಲ್ಲಿದ್ದವರಿಗೆ ಗೊತ್ತಿರಲಿಲ್ಲ. ಈಗ ಹಾಲು ಹಚ್ಚುತ್ತೇವೆ. ಏನು ಬೇಕಾದರೂ ಕೇಳಿ.’ ಸೋಮವಾರ ಅಕ್ಕ ಬೋರ್ಡನ್ನು ತಾವೇ ಗಾಜಿಗೆ ಅಂಟಿಸಿ, ಕುರ್ಚಿ ಒರೆಸಿ ಕೂತರು.

ಮೊದಲ ವಾರ ಕಷ್ಟವಾಯಿತು. ಕೆಲವರು ಓದಿ ತಿರುಗಿ ಹೋದರು. ಒಬ್ಬ ಗಂಡಸು ಅಕ್ಕನ ಮೇಲೆ ಸಾಕಷ್ಟು ರೇಗಿದರು. ಅಕ್ಕ ಎದ್ದು ನಿಂತು ಪೂರ್ತಿ ಕೇಳಿಸಿಕೊಂಡು, “ನೀವು ಹೇಳೋದು ಸರಿ ಸರ್” ಎಂದರು. ಚರ್ಚಿನ ಅಜ್ಜಿ ಬಂದು ಹಳೆಯ ಪಫ್ಸೇ ಚೆನ್ನಾಗಿತ್ತೆಂದು ದೂರಿದರು. “ಒಳಗೆ ಒಬ್ಬರು ಅದನ್ನೇ ಹೇಳ್ತಾ ಇದ್ದಾರೆ, ಅವರ ಹತ್ರ ಕಳಿಸ್ಲಾ?” ಎಂದು ಅಕ್ಕ ಒಲೆ ಕೋಣೆಯ ಕಡೆ ಕೈ ತೋರಿಸಿದರು. ಇಂದಿರಾನಗರದ ಆಫೀಸಿನವರಿಗೂ ಇದ್ದದ್ದನ್ನು ತಿಳಿಸಿದೆ. ಅವರು ಒಬ್ಬರನ್ನು ಕಳಿಸಿ ಒಲೆ ಕೋಣೆ ನೋಡಿಸಿ, ಜುಲೈಯಿಂದ ಡಬ್ಬಿ ತೆಗೆದುಕೊಳ್ಳತೊಡಗಿದರು.

ಕಲ್ಯಾಣ ನಗರದ ಮೇಡಂ ಮಾತ್ರ ಬರಲಿಲ್ಲ. ಶುಕ್ರವಾರ ಸಂಜೆ ಸ್ಕೂಟರ್ ನಿಂತ ಸದ್ದಾದಾಗಲೆಲ್ಲ ಅಕ್ಕ ರಸ್ತೆ ಕಡೆ ನೋಡುತ್ತಿದ್ದರು. ನಾಲ್ಕು ವೆಜ್ ಪಫ್ಸನ್ನು ಅಂಗಡಿ ಮುಚ್ಚುವವರೆಗೂ ಮಾರದೆ ಉಳಿಸಿಕೊಳ್ಳುತ್ತಿದ್ದರು.

ಆಗಸ್ಟಿನ ಒಂದು ಶುಕ್ರವಾರ ಅವರು ಬಂದರು. ಬೋರ್ಡನ್ನು ನಿಧಾನವಾಗಿ ಓದಿದರು. ಅಕ್ಕ ಎದ್ದು ನಿಂತಿದ್ದರು.

“ಅತ್ತೆಯವರಿಗೆ ಹೇಳಿದ್ರಾ ಮೇಡಂ?”

“ಹೇಳ್ದೆ. ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಸ್ನಾನ ಆತು, ಪೂಜಿ ಆತು. ಮೂರನೇ ದಿನ ಕೇಳಿದ್ರು, ಅಂಗಡ್ಯಾಗಿನವರು ತಾವಾಗೇ ಹೇಳಿದ್ರೋ, ನೀ ಹಿಡದು ಕೇಳಿದ್ಯೋ ಅಂತ.”

“ಏನಂದ್ರಿ?”

“ತಾವಾಗೇ ಹೇಳಿದ್ರು ಅಂದೆ.”

ಅಕ್ಕ ನನ್ನ ಮುಖ ನೋಡಿದರು. “ಅದು ಪೂರ್ತಿ ನಿಜ ಅಲ್ಲ ಮೇಡಂ,” ಎಂದೆ. “ನೀವು ಕೇಳಿದ್ಮೇಲೆ ನಾನು ಹೇಳಿದ್ದು.”

“ಗೊತ್ತೈತ್ರೀ. ನೀವು ಕೇಳಲಾರದ ಸುಮ್ನ ಇದ್ದಿದ್ರ ನಾನೂ ಕೇಳ್ತಿರಲಿಲ್ಲ. ಅರ್ಧ ಖರೇನ ಐತಿ. ಉಳಿದರ್ಧ ನಾನು ನೋಡ್ಕೋತೀನಿ.” ಅವರು ಪರ್ಸ್ ತೆಗೆದರು. “ನಾಲ್ಕು ಕಟ್ರಿ.”

ಅಕ್ಕ ಪೇಪರ್ ಕವರು ಬಿಡಿಸಿ ಇಕ್ಕಳದಿಂದ ಒಂದೊಂದೇ ಹಾಕಿದರು. ನಾಲ್ಕಾದ ಮೇಲೆ ಕೈ ನಿಲ್ಲದೆ ಐದನೆಯದನ್ನೂ ಹಾಕಿದರು. ಮೇಡಂ ಕವರಿನೊಳಗೆ ನೋಡಿ, ಆ ಐದನೆಯದನ್ನು ತೆಗೆದು ಅಕ್ಕನ ಎದುರಿದ್ದ ತಟ್ಟೆಯ ಮೇಲಿಟ್ಟರು.

“ನಾಲ್ಕು ಅಂದ್ರ ನಾಲ್ಕರೀ, ಅಕ್ಕಾರ.”